ಅರ್ಧ ಬಿಯರ್ ನಮ್ಮ ಮನೆಯದು

ಹೋದ ತಿಂಗಳು ಕಚೇರಿ ಕೆಲಸಕ್ಕೆಂದು ಸುಬಾಂಗ್ ಜಯಾಕ್ಕೆ ಹೋಗಿದ್ದೆ. ನಾವು ಅಲ್ಲಿಂದ ಪೆನಾಂಗಿನ ಬಯಾನ್ ಲೆಪಾಸಿಗೆ ಮನೆ ಬದಲಾಯಿಸಿ ಕೆಲವು ವರ್ಷಗಳಾದವು. ಕೆಲಸ ಬೇಗ ಮುಗಿಯಿತು, ಹಳೇ ಮನೆ ಹೇಗಿದೆ ನೋಡೋಣ ಎಂದು ಆ ಸಾಲುಮನೆಗಳ ಹಿಂದಿನ ಓಣಿಗೆ ಕಾಲಿಟ್ಟೆ. ಯಾರದೋ ಅಡುಗೆಮನೆಯಿಂದ ಬಿಸಿನೀರಿನಲ್ಲಿ ನೆನೆಯುತ್ತಿರುವ ಬಾರ್ಲಿಯ ವಾಸನೆ ಬಂತು. ಬಾಯಲ್ಲಿ ನೀರೂರಿತು, ಹೊಟ್ಟೆ ಹಸಿಯಿತು, ಕಣ್ಣು ಬೇರೆ ತುಂಬಿಕೊಂಡಿತು. ಜನ್ಮದಲ್ಲಿ ಒಂದು ಗ್ಲಾಸು ಬಿಯರ್ ಕುಡಿದವನಲ್ಲ ನಾನು. ಬಿಯರ್ ಮಾಡುವ ವಾಸನೆಗೆ ಹೀಗೆ ಓಣಿಯ ಮಧ್ಯೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದವನನ್ನು ನೋಡಿ, ಕಸದ ಚೀಲ ಹಿಡಿದು ಬಂದ ಚೀನಿ ಅಜ್ಜಿಯೊಬ್ಬರು "ಓಕೆ ಆ?" ಎಂದು ಕೇಳಿದರು. ಓಕೆ ಅಂದೆ. ಇನ್ನೇನು ಹೇಳಲಿ? ಆ ಮನೆಯಲ್ಲಿ ಕಳೆದ ಒಂದು ವರ್ಷದ ತಲೆಬುಡ ನನಗೇ ಇನ್ನೂ ಸರಿಯಾಗಿ ಗೊತ್ತಾಗಿಲ್ಲ.

ಆ ವರ್ಷ ಎಲ್ಲರ ಮನೆಗೂ ಬಂದ ಜ್ವರ ನಮ್ಮ ಮನೆಗೂ ಬಂತು. ನನ್ನ ಹೆಂಡತಿ ವೀಣಾ, ಮೂರನೇ ಕ್ಲಾಸಿನಲ್ಲಿದ್ದ ಮಗಳು ಸಿರಿ, ನಾನು, ಮೂವರೂ ಸರದಿಯ ಮೇಲೆ ಮಲಗಿ ಎದ್ದೆವು. ಅವರಿಬ್ಬರೂ ಮೊದಲಿನಂತಾದರು. ನನ್ನ ಮೂಗು ಮಾತ್ರ ಹೋದದ್ದು ಹೋಯಿತು. ಯಾವ ವಾಸನೆಯೂ ಇಲ್ಲ. ನಿಜ ಹೇಳಬೇಕೆಂದರೆ ಅದು ಹೋದಾಗ ನನಗೆ ಅಷ್ಟೇನೂ ಬೇಜಾರಾಗಲಿಲ್ಲ. ಊಟ ಸಪ್ಪೆ, ಸರಿ, ಉಪ್ಪಿನಕಾಯಿ ಜಾಸ್ತಿ ಹಾಕಿಕೊಂಡರಾಯಿತು ಅಂದುಕೊಂಡೆ. ಫಜೀತಿ ಶುರುವಾದದ್ದು ವಾಸನೆ ವಾಪಸ್ ಬಂದ ಮೇಲೆ.

ಒಂದು ಬೆಳಿಗ್ಗೆ ವೀಣಾ ಫಿಲ್ಟರ್ ಕಾಫಿ ತಂದು ಕೈಗಿಟ್ಟಳು. ಮೂಗಿನ ಹತ್ತಿರ ಹಿಡಿದೆ. ಟೈರು ಸುಟ್ಟ ವಾಸನೆ!

"ಏನೋ ಸುಡ್ತಾ ಇದೆ ವೀಣಾ. ಸ್ಟೌ ನೋಡು."

ಅವಳು ಓಡಿಹೋಗಿ ನೋಡಿದಳು. ಏನೂ ಇಲ್ಲ. ನಾನೇ ಎದ್ದುಹೋಗಿ ಪ್ಲಗ್ಗುಗಳನ್ನು ಮೂಸಿದೆ, ಫ್ರಿಜ್ಜಿನ ಹಿಂದೆ ತಲೆ ತೂರಿಸಿದೆ, ಗ್ಯಾಸಿನ ಪೈಪು ಎಳೆದು ನೋಡಿದೆ. ಸಿರಿ ಬಂದು ನನ್ನ ಲೋಟ ಮೂಸಿ ನೋಡಿ, ಇಂಥ ದಡ್ಡನನ್ನು ಕಂಡೇ ಇಲ್ಲ ಅನ್ನುವ ಹಾಗೆ, "ಅಪ್ಪಾ, ಇಟ್ಸ್ ಜಸ್ಟ್ ಕಾಫಿ ಲಾ" ಅಂದಳು.

ಅಲ್ಲಿಂದ ಒಂದೊಂದೇ ಕೈಕೊಡತೊಡಗಿತು. ಈರುಳ್ಳಿ ಹುರಿದರೆ ಸತ್ತ ಇಲಿ. ಟೂತ್‌ಪೇಸ್ಟು ಅಂದರೆ ಡೀಸೆಲ್ಲು. ಇಂಗಿನ ಒಗ್ಗರಣೆ ಬಿತ್ತೆಂದರೆ ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬರುತ್ತಿತ್ತು. ಅದೇ, ಎಲ್ಲರೂ ಮೂಗು ಮುಚ್ಚಿಕೊಂಡು ಓಡುವ ಡುರಿಯನ್ ಹಣ್ಣಿನ ಗಾಡಿಯ ಮುಂದೆ ನಾನು ಮಹಾರಾಜನಂತೆ ನಿಂತಿರುತ್ತಿದ್ದೆ, ಏನೂ ಅನ್ನಿಸುತ್ತಿರಲಿಲ್ಲ. "ಹೊಗೆ ವಾಸನೆ, ಹೊಗೆ ವಾಸನೆ" ಎಂದು ಕಚೇರಿಯಲ್ಲಿ ವಾರಗಟ್ಟಲೆ ಗೋಳಾಡಿದೆ. ಯಾರಿಗೂ ಹೊಗೆ ಕಾಣಲಿಲ್ಲ. ಆಮೇಲೆ ದೂರದ ಕಾಡು ಸುಟ್ಟ ಹೊಗೆ ಇಲ್ಲಿಯ ಆಕಾಶ ಮುಚ್ಚುವ ಹೊಗೆಮಂಜಿನ ಕಾಲ ನಿಜವಾಗಿಯೂ ಬಂತು. ಆಕಾಶ ಬೂದಿಯಾಯಿತು, ಎದುರುಮನೆ ಕಾಣದಾಯಿತು, ಶಾಲೆಯಲ್ಲಿ ಮಕ್ಕಳನ್ನು ಮೈದಾನಕ್ಕೆ ಬಿಡಲಿಲ್ಲ. ಎಲ್ಲರೂ ಮಾಸ್ಕ್ ಏರಿಸಿಕೊಂಡು ಕೆಮ್ಮುತ್ತಿದ್ದಾಗ ನನಗೆ ಹೊಗೆಯ ಸುಳಿವೇ ಇಲ್ಲ. ಕಕ್ಕಾಬಿಕ್ಕಿಯಾಗಿ ಕಿಟಕಿ ಪಕ್ಕ ನಿಂತಿದ್ದೆ. ನನ್ನ ತಲೆಯೇ ಕೆಟ್ಟಿತೋ ಏನೋ ಎಂದು ಆ ದಿನ ನಿಜಕ್ಕೂ ಹೆದರಿದೆ.

ಡಾಕ್ಟರು ಒಳ್ಳೆಯವರು. ಜ್ವರದಲ್ಲಿ ಸತ್ತ ನರ ಮತ್ತೆ ಬೆಳೆಯುತ್ತಿದೆ, ಬೆಳೆಯುವಾಗ ಅಲ್ಲಿ ಸೇರಬೇಕಾದದ್ದು ಇಲ್ಲಿ, ಇಲ್ಲಿ ಸೇರಬೇಕಾದದ್ದು ಅಲ್ಲಿ ಸೇರಿಕೊಂಡಿದೆ ಎಂದರು. ಲವಂಗ, ನಿಂಬೆಸಿಪ್ಪೆ, ಗುಲಾಬಿ, ನೀಲಗಿರಿ ಎಣ್ಣೆ, ಇವನ್ನು ದಿನವೂ ಮೂಸಿ ಮೂಗಿಗೆ ಪಾಠ ಹೇಳಿ ಅಂದರು. ಯಾವಾಗ ಸರಿಹೋಗುತ್ತೆ ಎಂದು ಕೇಳಿದೆ. ಸರಿಹೋಗಬಹುದು, ಕೆಲವರಿಗೆ ಹೋಗುವುದಿಲ್ಲ ಎಂದು ನಗುತ್ತಲೇ ಹೇಳಿದರು. ಅವರ ನಗು ನೋಡಿ ನಾನೂ ನಕ್ಕೆ. ಹೊರಗೆ ಬಂದಮೇಲೆ ಯಾಕೆ ನಕ್ಕೆ ಎಂದು ತಿಳಿಯಲಿಲ್ಲ.

ಊಟವೆಂದರೆ ತಣ್ಣಗಿನ ಮೊಸರನ್ನ, ಸೌತೆಕಾಯಿ, ಬ್ರೆಡ್ಡು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ವೀಣಾ ಒಗ್ಗರಣೆ ಹಾಕುವುದನ್ನೇ ಬಿಟ್ಟಳು. ಮೈಸೂರಿನ ಸಾರಿನಪುಡಿ ಡಬ್ಬ ಮೇಲಿನ ಅಟ್ಟ ಸೇರಿತು. ಸಿರಿ "ಹಾಸ್ಪಿಟಲ್ ಫುಡ್" ಎಂದು ತಟ್ಟೆ ತಳ್ಳಿದರೆ, ವೀಣಾ ಅವಳನ್ನು ಪಕ್ಕದ ಬೀದಿಯ ತಮಿಳು ಮುಸ್ಲಿಮರ ಮಮಕ್ ಹೋಟೆಲಿಗೆ ಕರೆದುಕೊಂಡು ಹೋಗಿ ಪರೋಟಾದಂಥ ರೊಟ್ಟಿ ಚಾನಾಯ್ ತಿನ್ನಿಸಿಕೊಂಡು ಬರುತ್ತಿದ್ದಳು. ತನಗೂ ಅಲ್ಲೇ ಆಯಿತು ಅನ್ನುತ್ತಿದ್ದಳು. ಮನೆಯಲ್ಲಿ ಮೂವರೂ ಒಟ್ಟಿಗೆ ಕೂತು ಉಣ್ಣುವುದು ನಿಂತೇಹೋಯಿತು.

ಇದೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ವೀಣಾ ಹತ್ತಿರ ಬಂದರೂ ನನಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಅವಳ ಕೂದಲು, ಕತ್ತು, ಅವಳ ದಿಂಬು ಕೂಡ. ಮದುವೆಯಾದಾಗಿನಿಂದ ಅವಳ ಹೆಗಲಿಗೆ ಮೂಗು ತಾಗಿಸಿಕೊಂಡು ಮಲಗಿದವನು ನಾನು, ಅದಿಲ್ಲದೆ ನಿದ್ದೆ ಬಾರದವನು. ಈಗ ಅವಳು ಪಕ್ಕಕ್ಕೆ ಬಂದರೆ ಮೈ ತಾನಾಗಿ ಹಿಂದೆ ಸರಿಯುತ್ತಿತ್ತು. ಮನಸ್ಸು ಬೇಡವೆಂದರೂ ಮೈ ಕೇಳುತ್ತಿರಲಿಲ್ಲ. ಹಾಲ್‌ನಲ್ಲಿ ಫ್ಯಾನ್ ಕೆಳಗೆ ಚಾಪೆ ಹಾಕಿಕೊಂಡೆ. ಸೆಕೆ ಅಂದೆ. ಅವಳು ಸೋಪು ಬದಲಾಯಿಸಿದಳು, ಶಾಂಪೂ ಬದಲಾಯಿಸಿದಳು, ಒಂದು ದಿನ ಬರೀ ಕಡಲೆಹಿಟ್ಟು ಹಚ್ಚಿಕೊಂಡು ಸ್ನಾನ ಮಾಡಿ ಬಂದು ಬಾಗಿಲಲ್ಲಿ ನಿಂತಳು.

"ರೀ, ನನ್ನ ವಾಸನೆನೂ ಹಾಗೇನಾ?"

ನಾನು ಬಗ್ಗಿ ಚಾಪೆಯ ಮಡಿಕೆ ಸರಿಮಾಡತೊಡಗಿದೆ. ಅವಳಿಗೆ ಅಷ್ಟು ಸಾಕಾಯಿತು.

ಇದು ಸರಿಹೋಗದಿದ್ದರೆ? ಕಾಫಿ ಹೋಗಲಿ, ಸಾರು ಹೋಗಲಿ, ಬಿಟ್ಟವರಿದ್ದಾರೆ. ಹೆಂಡತಿಯಿಂದ ಮುಖ ತಿರುಗಿಸಿಕೊಂಡು ಬಾಳುವುದು ಹೇಗೆ? ಬೇರೆಯಾದವರು, ಜಗಳಾಡಿದವರು ಹಾಗೆ ಬಾಳುತ್ತಾರೆ. ನಮಗೆ ಜಗಳವೇ ಆಗಿರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎನ್ನುವುದೂ ಗೊತ್ತಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಕಸ ಹಾಕಲು ಹಿಂದಿನ ಓಣಿಗೆ ಹೋದೆ. ಮೂಗಿಗೆ ಏನೋ ಬಡಿಯಿತು. ಮೂಗು ಮುಚ್ಚಿಕೊಳ್ಳಲು ಕೈ ಎತ್ತಿದವನು ಹಾಗೇ ನಿಂತೆ. ಅದು ಸುಟ್ಟ ವಾಸನೆಯಲ್ಲ. ಬಿಸಿಯಾಗಿ, ಸಿಹಿಯಾಗಿ, ಆಗತಾನೇ ಬೇಯಿಸಿದ ಗೋಧಿ ನುಚ್ಚಿಗೆ ಹಾಲು ಬೆರೆಸಿದಂತಿತ್ತು. ಎಷ್ಟೋ ತಿಂಗಳ ನಂತರ ಒಂದು ವಾಸನೆ ತನ್ನ ಹೆಸರಿನಲ್ಲೇ ಬಂದಿತ್ತು. ಹಿಡಿದುಕೊಂಡು ಹೋದರೆ ಮೂರು ಮನೆ ಆಚೆ ಗಿರೀಶಣ್ಣನ ಹಿಂಬಾಗಿಲು.

ಗಿರೀಶಣ್ಣ ಹುಬ್ಬಳ್ಳಿಯವರು, ಇಲ್ಲಿನ ಖಾಸಗಿ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು, ಒಬ್ಬರೇ ಇದ್ದರು. ಯುಗಾದಿ ಊಟದಲ್ಲಿ ಸಿಕ್ಕಿ ಮಾತಾಡಿದ್ದು ಬಿಟ್ಟರೆ ಅಂಥ ಬಳಕೆಯಿರಲಿಲ್ಲ. ಇಲ್ಲಿಯ ಮನೆಗಳಿಗೆ ಹಿಂದೆ ಇನ್ನೊಂದು ಅಡುಗೆಮನೆ ಇರುತ್ತದಲ್ಲ, ವೆಟ್ ಕಿಚನ್ ಅನ್ನುತ್ತಾರೆ, ಅಲ್ಲಿ ಅವರು ಬರೀ ಬನಿಯನ್ನಿನಲ್ಲಿ ಒಂದು ದೊಡ್ಡ ಸ್ಟೀಲ್ ಪಾತ್ರೆಗೆ ಹಳೇ ರಜಾಯಿ ಸುತ್ತುತ್ತಿದ್ದರು. ಜಾಲರಿಯಾಚೆ ನಿಂತ ನನ್ನನ್ನು ನೋಡಿ ಬೆಚ್ಚಿಬಿದ್ದರು.

"ಯಾರಪಾ ಅದು? ಓ, ನೀನೇನು! ಹಂಗ ಕಳ್ಳನಂಗ ಯಾಕ ನಿಂತಿ, ಒಳಗ ಬಾ."

"ಅಣ್ಣಾ, ಇದೇನು ವಾಸನೆ?"

"ಕೆಟ್ಟ ಬರಾಕತ್ತೇತೇನು?"

"ಇಲ್ಲಣ್ಣ. ಚೆನ್ನಾಗಿದೆ," ಅಂದೆ. ಅಷ್ಟು ಹೇಳುತ್ತಾ ಜಾಲರಿಗೆ ಹಣೆ ಆನಿಸಿಬಿಟ್ಟೆ. ಅವರು ರಜಾಯಿ ಕೈಬಿಟ್ಟು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು.

ಬಿಯರ್ ಮಾಡುವುದು ಅವರ ಶನಿವಾರದ ಹುಚ್ಚು. ಡಬ್ಬದ ಪಾಕ ತಂದು ನೀರು ಬೆರೆಸುವ ಸುಲಭದ ದಾರಿ ಅವರಿಗೆ ಹಿಡಿಸದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನೇ ತರಿಸಿ, ತರಿತರಿಯಾಗಿ ಒಡೆದು, ಬಟ್ಟೆ ಚೀಲಕ್ಕೆ ತುಂಬಿ, ಕುದಿಯದ, ಆದರೆ ಕೈ ಇಡಲಾಗದಷ್ಟು ಬಿಸಿಯಾದ ನೀರಿನಲ್ಲಿ ಒಂದು ಗಂಟೆ ನೆನೆಸುತ್ತಿದ್ದರು. ಅಷ್ಟರಲ್ಲಿ ಕಾಳಿನ ಹಿಟ್ಟೆಲ್ಲ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಬಸಿದು, ಹಾಪ್ಸ್ ಎನ್ನುವ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿ, ಇಲ್ಲಿಯ ಸೆಕೆಗೆ ಹುಳಿಯಾಗದಂತೆ ಹಳೇ ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರಕ್ಕೆ ಬಿಯರ್. ಒಂದು ಸಲಕ್ಕೆ ಐದು ಲೀಟರ್, ಹೆಚ್ಚಿಲ್ಲ. ಮಾರುವುದಿಲ್ಲ, ಡಂಗುರ ಹೊಡೆಯುವುದಿಲ್ಲ, ತಾವೇ ಕುಡಿಯುವುದು.

ನನಗೆ ಬೇಕಾದದ್ದು ಆ ಮೊದಲ ಗಂಟೆ. ಹಾಪ್ಸ್ ಬಿದ್ದ ಕೂಡಲೇ ಪಾತ್ರೆಯೂ ಬೇರೆಲ್ಲದರಂತೆ ನಾರತೊಡಗುತ್ತಿತ್ತು, ನಾನು ಎದ್ದು ಓಡುತ್ತಿದ್ದೆ. "ಜಗತ್ತಿನ್ಯಾಗ ಎಂಥೆಂಥಾ ಮಂದಿ ನೋಡೀನಿ. ಕುಡಿಯಾಕ ಬರೋರನ್ನ ನೋಡೀನಿ, ಕುಡದು ಬೀಳೋರನ್ನ ನೋಡೀನಿ. ಮೂಸಿ ಮನಿಗಿ ಹೋಗಾವ ನೀನೊಬ್ಬನ ನೋಡಪಾ!" ಎಂದು ಗಿರೀಶಣ್ಣ ಬಿದ್ದುಬಿದ್ದು ನಗುತ್ತಿದ್ದರು. ಆದರೂ ಬಾರ್ಲಿ ನೆನೆಹಾಕುವ ಮೊದಲು ತಪ್ಪದೆ ಫೋನ್ ಮಾಡುತ್ತಿದ್ದರು. ನಾನು ಮಗುಚುವ ಕೈ ಹಿಡಿದು ತಿರುಗಿಸುತ್ತಾ ಹಬೆಯೊಳಗೆ ಮುಖವಿಟ್ಟು ನಿಲ್ಲುತ್ತಿದ್ದೆ. ಮನೆಗೆ ಬಂದಾಗ ಆ ಗುಂಗಿನಲ್ಲೇ ಎರಡು ತಟ್ಟೆ ಮೊಸರನ್ನ ಇಳಿಯುತ್ತಿತ್ತು.

ವೀಣಾಗೆ ಮೊದಮೊದಲು ಖುಷಿಯಾಯಿತು, ಆಮೇಲೆ ಅನುಮಾನ ಬಂತು. ಒಂದು ಶನಿವಾರ ನಾನು ಬಾಗಿಲು ದಾಟುತ್ತಿದ್ದಂತೆ ಅಡ್ಡ ಬಂದು ನಿಂತಳು.

"ನಿಜ ಹೇಳಿ. ಕುಡಿದಿದೀರಾ?"

"ಇಲ್ಲ ಮಾರಾಯ್ತಿ."

"ಷರಟೆಲ್ಲ ಬಿಯರ್ ವಾಸನೆ ಹೊಡೀತಿದೆ."

"ಬಿಯರ್ ಅಲ್ಲ ಅದು. ಬಿಯರ್ ಆಗೋಕೆ ಮುಂಚಿನದು. ನಾನು ಬರೀ ಮೂಸ್ದೆ."

"ಮೂಸೋಕೆ? ಮೂಸೋಕೆ ಅಂತ ಇನ್ನೊಬ್ಬರ ಮನೆಗೆ ಹೋಗ್ತೀರಾ?"

ಎಲ್ಲ ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ಅವಳ ಮುಖ ಬೆಳಗುತ್ತದೆ ಅಂದುಕೊಂಡಿದ್ದೆ. ಒಂದಾದರೂ ಸರಿಯಾಗಿದೆಯಲ್ಲ, ಸಂತೋಷಪಡಬೇಡವೇ? ಅವಳ ಮುಖ ಇನ್ನಷ್ಟು ಸಣ್ಣದಾಯಿತು.

"ಗಿರೀಶಣ್ಣನ ಪಾತ್ರೆ ಹಿಡಿಸುತ್ತೆ. ನಾನು ಹಿಡಿಸಲ್ಲ," ಅಂದಳು.

"ಹಾಗಲ್ಲ ವೀಣಾ…"

"ಹಾಗೇನೇ. ನಾನು ಕುಡುಕನ್ನ ಬೇಕಾದ್ರೂ ಸುಧಾರಿಸ್ತಿದ್ದೆ. ಇದಕ್ಕೆ ಏನು ಮಾಡ್ಲಿ ಹೇಳಿ? ಯಾರಿಗೆ ಹೇಳ್ಕೊಳ್ಲಿ?" ಎಂದು ಅತ್ತುಬಿಟ್ಟಳು. ಸಮಾಧಾನ ಮಾಡಲು ಹತ್ತಿರ ಹೋಗಬೇಕು, ಹೋದರೆ ನನ್ನ ಮೂಗು ಮುದುಡುವುದು ಅವಳಿಗೆ ಕಾಣುತ್ತದೆ. ಅರ್ಧ ದಾರಿಯಲ್ಲಿ ಬೆಪ್ಪನಂತೆ ನಿಂತಿದ್ದೆ. ಆ ಹೊತ್ತು ನನ್ನ ಮೂಗನ್ನು ಕಿತ್ತು ಎಸೆಯಬೇಕು ಅನ್ನಿಸಿತು.

ಮುಂದಿನ ಸಲ ಗಿರೀಶಣ್ಣ ಫೋನ್ ಮಾಡಿದಾಗ ಅವಳೂ ಚಪ್ಪಲಿ ಮೆಟ್ಟಿದಳು. ಜಗಳ ತೆಗೆಯುತ್ತಾಳೋ ಏನೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ಹಿಂದೆ ಹೋದೆ. ಅವಳು ಸೀದಾ ಪಾತ್ರೆಯ ಹತ್ತಿರ ಹೋಗಿ, ಮುಚ್ಚಳ ತೆಗೆದು ಬಗ್ಗಿ ನೋಡಿ, ಚಮಚದಲ್ಲಿ ತೆಗೆದು ನೆಕ್ಕಿಯೂ ಬಿಟ್ಟಳು.

"ಇಷ್ಟೇನಾ? ಮೊಳಕೆ ಕಾಳಿನ ಗಂಜಿ ಅಲ್ವಾ ಇದು? ಸಿರಿ ಕೂಸಾಗಿದ್ದಾಗ ಇದನ್ನೇ ತಾನೇ ನಾನು ರಾಗೀಲಿ ಮಾಡ್ತಿದ್ದದ್ದು?"

"ಹೌದಲ್ಲವಾ ತಂಗೀ! ರಾಗಿನೂ ಮಾಡಬೌದು," ಎಂದು ಗಿರೀಶಣ್ಣ ಹುರುಪಿಗೆ ಬಂದರು.

"ಹಾಗಾದ್ರೆ ನಮ್ಮನೇಲೇ ಮಾಡ್ತೀನಿ. ಇವರು ಯಾರ ಮನೆಗೂ ಹೋಗೋದು ಬೇಡ."

ಬ್ರಿಕ್‌ಫೀಲ್ಡ್ಸಿನ ತಮಿಳರ ಅಂಗಡಿಯಿಂದ ರಾಗಿ ಬಂತು. ತೊಳೆದು, ನೆನೆಸಿ, ಅವಳ ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದಳು. ಈ ದೇಶದ ಸೆಕೆಗೆ ಮೊಳಕೆ ಬೇಗ ಒಡೆಯಿತು. ಒಣಗಿಸುವುದೇ ಕಷ್ಟ. ಹೊಗೆಮಂಜು ಹೋಗಿ ಮಳೆ ಹಿಡಿದಿತ್ತು, ಮಧ್ಯಾಹ್ನವಾದರೆ ಗುಡುಗು ಸಿಡಿಲು. ಕೊನೆಗೆ ಏಸಿಯ ಹೊರಗಿನ ಪೆಟ್ಟಿಗೆ ಬಿಸಿಗಾಳಿ ಉಗುಳುತ್ತದಲ್ಲ, ಅದರ ಮುಂದೆ ಮೊರ ಇಟ್ಟು ಒಣಗಿಸಿದಳು. ರಾಗಿ ಒಣಗಲೆಂದು ನಾವು ಒಳಗೆ ಚಳಿಯಲ್ಲಿ ನಡುಗುತ್ತಾ ಕೂತೆವು. ಎಷ್ಟೋ ದಿನದ ಮೇಲೆ ಅವಳು ಗುನುಗುವುದು ಕೇಳಿಸಿತು. ನನಗೂ ಒಳ್ಳೆಯದಾಗುತ್ತದೆ ಅನ್ನಿಸಿತು.

ಆಮೇಲೆ ಅವಳು ಬಾಣಲೆ ಇಟ್ಟಳು. ಅವಳ ಅಮ್ಮ ಮಾಡುತ್ತಿದ್ದದ್ದೇ ಹಾಗೆ, ನಮ್ಮ ಕಡೆ ಎಲ್ಲರೂ ಮಾಡುವುದೇ ಹಾಗೆ. ಮೊಳಕೆ ರಾಗಿಯನ್ನು ಹುರಿಯದೆ ಹಿಟ್ಟು ಮಾಡುವವರುಂಟೇ? ಘಮ್ಮೆನ್ನುವವರೆಗೆ ಹುರಿದಳು. ಘಮ್ಮೆಂದದ್ದು ಅವಳಿಗೆ. ನನಗೆ ಆ ಹುರಿದ ವಾಸನೆ ಕೂದಲು ಸುಟ್ಟಂತೆ ಬಂದು, ಬಾಯಿ ಮುಚ್ಚಿಕೊಂಡು ಮಳೆಯಲ್ಲೇ ಹೊರಗೋಡಿದೆ. ಎದುರಿನ ಪಾರ್ಕಿನ ಮಂಟಪದಲ್ಲಿ ಒದ್ದೆಯಾಗಿ ಕೂತಿದ್ದೆ. ಸಿರಿ ಛತ್ರಿ ಹಿಡಿದು ಬಂದು, "ಅಪ್ಪಾ, ಅಮ್ಮ ಈಸ್ ನಾಟ್ ಟಾಕಿಂಗ್" ಎಂದು ವರದಿ ಒಪ್ಪಿಸಿದಳು.

ಆದರೂ ವೀಣಾ ಬಿಡಲಿಲ್ಲ. ಗಿರೀಶಣ್ಣ ಥರ್ಮಾಮೀಟರ್ ಹಿಡಿದು ಬಂದರು. ಬಿಸಿನೀರಿಗೆ ರಾಗಿ ಬಿತ್ತು, ಪಾತ್ರೆಗೆ ರಜಾಯಿ ಸುತ್ತಿದ್ದಾಯಿತು, ಗಂಟೆ ಕಳೆಯಿತು. ತೆಗೆದರೆ ಗೋಂದಿನಂಥ ಅಂಬಲಿ. ಚೀಲ ಎತ್ತಿದರೆ ಒಂದು ತೊಟ್ಟು ಇಳಿಯದು. ಬಾಯಿಗಿಟ್ಟರೆ ಸಿಹಿಯ ಹೆಸರಿಲ್ಲ. ಗಿರೀಶಣ್ಣ ತಟ್ಟೆಯ ಮೇಲೆ ಒಂದಿಷ್ಟು ಹಾಕಿ ಗಾಯಕ್ಕೆ ಹಚ್ಚುವ ಅಯೋಡಿನ್ ಬಿಟ್ಟರು. ಮಸಿಯಂತೆ ನೀಲಿಯಾಯಿತು. ಹಿಟ್ಟು ಹಿಟ್ಟಾಗಿಯೇ ಉಳಿದಿದೆ ಅನ್ನುವುದಕ್ಕೆ ಅದು ಗುರುತಂತೆ.

"ತಂಗೀ, ರಾಗಿ ಹುರದಿ ಏನು?"

"ಮತ್ತೆ? ಹುರೀಬೇಡ್ವಾ?"

ಅವರು ಹಣೆಗೆ ಕೈ ಬಡಿದುಕೊಂಡರು. "ಹುರದ್ರ ಎಲ್ಲಾ ಸತ್ತುಹೋತು ಯವ್ವಾ! ಹಿಟ್ಟು ಸಕ್ರಿ ಮಾಡೋ ಗುಣ ಮೊಳಕಿಯೊಳಗ ಇರತೈತಿ. ಬೆಂಕಿಗಿ ಹಾಕಿದ್ರ ಅದು ಉಳೀತೈತೇನು?"

ಅವರು ಹೋಗುವ ತನಕ ಅವಳು ನಗುನಗುತ್ತಲೇ ಇದ್ದಳು. ಹೋದಮೇಲೆ ಪಾತ್ರೆಯನ್ನು ಸಿಂಕಿನಲ್ಲಿ ದಡಾರೆಂದು ಇಟ್ಟು, ನನ್ನ ಕಡೆ ತಿರುಗದೆಯೇ, "ನಾನು ಏನು ಮಾಡಿದ್ರೂ ನಿಮಗೆ ಸುಟ್ಟ ವಾಸನೆನೇ" ಅಂದಳು. ಆ ವಾರ ನಾವು ಮಗಳ ಮೂಲಕವೇ ಮಾತಾಡಿದೆವು. ಅವಳು ಎರಡೂ ಕಡೆಯದನ್ನು ಇಂಗ್ಲಿಷಿಗೆ ತಿರುಗಿಸಿ ಮುಟ್ಟಿಸುತ್ತಿದ್ದಳು, ಸಿಟ್ಟು ದಾರಿಯಲ್ಲೇ ಸೋರಿಹೋಗುತ್ತಿತ್ತು.

ವೀಣಾ ಎರಡನೇ ಸಲ ನೆನೆಹಾಕಿದ್ದು ನನಗೆ ತಿಳಿಯಲೇ ಇಲ್ಲ. ಹೇಳಿದರೆ ನಾನು ಮತ್ತೆ ಆಸೆಪಟ್ಟು, ಅದೂ ಕೆಟ್ಟರೆ ಎಂದು ಅವಳು ಹೇಳಿರಲಿಲ್ಲವಂತೆ. ಈ ಸಲ ಹುರಿಯಲಿಲ್ಲ. ರಾಗಿಗೆ ಸಿಪ್ಪೆಯಿಲ್ಲದ್ದರಿಂದ ನೀರು ಇಳಿಯುವುದಿಲ್ಲ ಎಂದು ಗಿರೀಶಣ್ಣ ಅರ್ಧಕ್ಕೆ ಅರ್ಧ ಬಾರ್ಲಿ ಕೊಟ್ಟಿದ್ದರು. ಹೊರಗೆ ಮಳೆ ಸುರಿಯುತ್ತಿತ್ತು. ನಾನು ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮೆಟ್ಟಿಲು ಹತ್ತಿಕೊಂಡು ಆ ವಾಸನೆ ಬಂತು. ಗಿರೀಶಣ್ಣನ ಮನೆಯದೇ, ಆದರೆ ಅದಕ್ಕಿಂತ ಮೆತ್ತಗೆ, ಒದ್ದೆ ಮಣ್ಣಿನ ಹತ್ತಿರದ್ದು. ಕರೆಯುವ ಮೊದಲೇ ಕೆಳಗಿದ್ದೆ.

ವೀಣಾ ಪಾತ್ರೆಯ ಮೇಲೆ ಬಗ್ಗಿ ಮಗುಚುವ ಕೈ ಆಡಿಸುತ್ತಿದ್ದಳು. ಮುಖವೆಲ್ಲ ಬೆವರು, ಕೂದಲು ಹಬೆಗೆ ತೋಯ್ದು ಕತ್ತಿಗೆ ಅಂಟಿತ್ತು. "ನೋಡಿ, ಹಾಲುಬಾಯಿ ಥರ ಸಿಹಿಯಾಗಿದೆ" ಎಂದು ಚಮಚ ಹಿಡಿದು ತಿರುಗಿದಳು. ನಾನು ಚಮಚ ನೋಡಲಿಲ್ಲ. ಹೋಗಿ ಅವಳ ಕತ್ತಿನ ಹಿಂದೆ ಮುಖವಿಟ್ಟೆ. ಪ್ಲಾಸ್ಟಿಕ್ ಇಲ್ಲ! ಬಿಸಿ, ಸಿಹಿ, ಮೊಳಕೆಯ ಹಸಿ ವಾಸನೆ. ಎಳೆದುಕೊಂಡೆ, ಇನ್ನೂ ಎಳೆದುಕೊಂಡೆ. ಅವಳು ಕೈಯಲ್ಲಿ ಚಮಚ ಹಿಡಿದುಕೊಂಡೇ ಕದಲದೆ ನಿಂತಿದ್ದಳು. ತಿಂಗಳುಗಟ್ಟಲೆ ಹತ್ತಿರ ಬಾರದವನು ಹೀಗೆ ಮೇಲೆ ಬಿದ್ದರೆ ಯಾರಿಗಾದರೂ ಗಾಬರಿಯಾಗದೇ?

"ರೀ," ಅಂದಳು ಸಣ್ಣಗೆ. "ನೀವು ಮೂಸ್ತಿರೋದು ನನ್ನನ್ನೋ, ರಾಗೀನೋ?"

ದೇವರಾಣೆ, ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ. ಅವಳು ಅಳುತ್ತಾ ನಗುತ್ತಾ, ಚಮಚದಲ್ಲಿದ್ದದ್ದನ್ನು ನನ್ನ ಬಾಯಿಗೆ ಸುರಿದು, "ಇರ್ಲಿ ಬಿಡಿ" ಅಂದಳು.

ಗಿರೀಶಣ್ಣ ಹಾಪ್ಸು, ಯೀಸ್ಟು ಎಲ್ಲ ಹಿಡಿದು ಬಂದಾಗ ಅವಳು ಬಾಗಿಲಲ್ಲೇ ತಡೆದಳು. "ಯೀಸ್ಟ್ ಬೀಳೋ ತನಕ ಅದು ಗಂಜಿ. ಗಂಜಿ ನಮ್ಮನೇದು. ಆಮೇಲೆ ಅದು ಏನಾಗುತ್ತೋ ಆಗ್ಲಿ, ಅದು ನಿಮ್ಮನೇದು."

"ಅಂದ್ರ ಅರ್ಧ ಬಿಯರ್ ನಿಮ್ಮ ಮನಿದು ಅಂತಾತು!"

"ಒಳ್ಳೇ ಅರ್ಧ," ಅಂದಳು ವೀಣಾ.

ಹಾಗೇ ನಡೆಯಿತು. ಶನಿವಾರ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ನೆನೆಯುವುದು, ಸಂಜೆ ಪಾತ್ರೆಗೆ ಟವೆಲು ಮುಚ್ಚಿ ನಾನೂ ಗಿರೀಶಣ್ಣನೂ ಒಂದೊಂದು ಹಿಡಿಕೆ ಹಿಡಿದು ಹಿಂದಿನ ಓಣಿಯಲ್ಲಿ ಅವರ ಮನೆಗೆ ಸಾಗಿಸುವುದು. ಉಳಿದ ಚರಟವನ್ನು ಅವಳು ಅಕ್ಕಿಹಿಟ್ಟಿಗೆ ಕಲೆಸಿ ರೊಟ್ಟಿ ತಟ್ಟುತ್ತಿದ್ದಳು, ಮೂವರೂ ಕೂತು ತಿನ್ನುತ್ತಿದ್ದೆವು. ಹಬೆ ಆರುವ ತನಕ ಅವಳ ಪಕ್ಕ ಕೂರಲು ನನಗೆ ತೊಂದರೆಯಿರಲಿಲ್ಲ. ಕೂದಲಿನಲ್ಲಿ ಆ ವಾಸನೆ ಉಳಿಯಲೆಂದು ಭಾನುವಾರ ಅವಳು ತಲೆಗೆ ನೀರು ಹಾಕಿಕೊಳ್ಳುವುದನ್ನೇ ಬಿಟ್ಟಳು. ನಾನು ಚಾಪೆ ಸುತ್ತಿಟ್ಟು ಒಳಗೆ ಹೋಗಿ ಮಲಗಿದೆ. ಸೋಮವಾರದ ಹೊತ್ತಿಗೆ ಮತ್ತೆ ಪ್ಲಾಸ್ಟಿಕ್ ಬರುತ್ತಿತ್ತು, ಆದರೆ ಇನ್ನೊಂದು ಶನಿವಾರ ಇದೆಯಲ್ಲ ಎಂದು ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಆ ಬಿಯರ್ ಹೇಗಿತ್ತು ಎಂದು ಕೇಳಬೇಡಿ. ಗಿರೀಶಣ್ಣ ಮಾತ್ರ ಮುಖ ಹುಳ್ಳಗೆ ಮಾಡಿಕೊಂಡು, "ಚಲೋ ಆಗೇತಿ ತಂಗೀ, ಭಾಳ ಚಲೋ ಆಗೇತಿ" ಎಂದು ಕೊನೆಯ ಬಾಟಲಿಯವರೆಗೂ ಕುಡಿದು ಮುಗಿಸಿದರು. ಪುಣ್ಯಾತ್ಮ!

ಮೂಗು ಯಾವಾಗ ಸರಿಹೋಯಿತೆಂದು ನನಗೆ ಹೇಳಲು ಬಾರದು. ಒಂದು ದಿನ ಕಾಫಿ ಟೈರಾಗಿರಲಿಲ್ಲ, ಕಾಫಿಯೂ ಆಗಿರಲಿಲ್ಲ, ನಡುವೆ ಎಲ್ಲೋ ಇತ್ತು. ಒಂದು ದಿನ ಈರುಳ್ಳಿ ಈರುಳ್ಳಿಯ ಹತ್ತಿರ ಬಂತು. ಮೊನ್ನೆ ಒಳ್ಳೆಯದಾಗಿದ್ದದ್ದು ಇವತ್ತು ಕೆಡುತ್ತಿತ್ತು, ನಾಳೆ ಇನ್ನೊಂದು ಥರ. ಅಟ್ಟದ ಮೇಲಿನ ಡಬ್ಬ ಕೆಳಗಿಳಿಯಿತು. ಇದು ನಿಜವಾಗಿಯೂ ಹಳೇ ಸಾರೇ ಅಥವಾ ನನಗೆ ಅಭ್ಯಾಸವಾದ ಹೊಸದೇ ಎಂದು ಪ್ರತಿ ತುತ್ತಿಗೂ ಅನುಮಾನ. ವೀಣಾ ಎದುರು ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಿನ್ನುತ್ತಿದ್ದೆ, ಅವಳಿಗೆ ಅದು ಸಾಕಾಗಿತ್ತು.

ದೀಪಾವಳಿ ಬಂತು. ಬೆಳಿಗ್ಗೆ ಅವಳು ಎಣ್ಣೆ ನೀರು ಹಾಕಿಕೊಂಡು, ತಲೆಗೆ ಟವೆಲು ಸುತ್ತಿಕೊಂಡು ನಾನಿದ್ದ ಸೋಫಾದ ಪಕ್ಕ ಬಂದು ನಿಂತಳು. ಆ ವಾರ ನಮ್ಮ ಮನೆಯಲ್ಲಿ ಗಂಜಿ ನೆನೆದಿರಲಿಲ್ಲ. ಕೊಬ್ಬರಿ ಎಣ್ಣೆ ಗೊತ್ತಾಯಿತು, ಸೀಗೆಕಾಯಿ ಗೊತ್ತಾಯಿತು, ಅದರ ಕೆಳಗೆ ಇನ್ನೇನೋ, ಬೆಚ್ಚಗಿನದು. ನನ್ನ ಮೈ ಹಿಂದೆ ಸರಿಯಲಿಲ್ಲ. ಅದು ಅವಳ ಕಣ್ಣಿಗೂ ಬಿತ್ತು.

"ಹೇಗಿದೆ?"

"ಚೆನ್ನಾಗಿದೆ."

"ಸುಟ್ಟಿದ್ದು ಇಲ್ವಾ?"

"ಇಲ್ಲ. ಒಂಚೂರೂ ಇಲ್ಲ."

ಅವಳು ಉಸಿರು ಬಿಟ್ಟಳು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ಮೊದಲಿನ ಥರಾನೇ ಇದ್ಯಾ?" ಎಂದು ಕೇಳಿದಳು.

ಹೂಂ ಅಂದರೆ ಮುಗಿಯುತ್ತಿತ್ತು. ನಾನು ಜ್ಞಾಪಿಸಿಕೊಳ್ಳಲು ಹೋದೆ. ಮದುವೆಯಾದ ಹೊಸತರದ್ದು, ಸಿರಿ ಹುಟ್ಟಿದಾಗಿನದು, ಆ ಜ್ವರಕ್ಕೆ ಹಿಂದಿನ ದಿನದ್ದು. ದಿಂಬು ಕಂಡಿತು, ಅವಳ ಹೆಗಲು ಕಂಡಿತು. ವಾಸನೆ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಪ್ಲಾಸ್ಟಿಕ್ ನೆನಪಿದೆ, ರಾಗಿ ನೆನಪಿದೆ, ಅದಕ್ಕೂ ಹಿಂದೆ ಹೋದರೆ ಖಾಲಿ.

"ಗೊತ್ತಾಗ್ತಿಲ್ಲ ವೀಣಾ. ಮೊದಲು ಹೇಗಿತ್ತು ಅನ್ನೋದೇ ನೆನಪಾಗ್ತಿಲ್ಲ."

"ಇಷ್ಟು ವರ್ಷದ್ದು?"

"ಹೂಂ."

ಅವಳು ಒಳಗೆ ಹೋದಳು. ಹಬ್ಬದ ದಿನ ಎಂಥ ಕೆಲಸ ಮಾಡಿಕೊಂಡೆ ಎಂದು ಕೂತಲ್ಲೇ ಕೂತಿದ್ದೆ. ಎದ್ದು ಹೋಗಬೇಕೋ, ಬೇಡವೋ. ಹೋದರೆ ಏನೆಂದು ಹೇಳಬೇಕೋ.

ಅವಳೇ ಬಂದಳು. ತಲೆಯ ಟವೆಲು ಬಿಚ್ಚಿದ್ದಳು. ನನ್ನ ಮುಂದೆ ನೆಲದ ಮೇಲೆ ಬೆನ್ನು ತಿರುಗಿಸಿ ಕೂತು, ಒದ್ದೆ ಕೂದಲನ್ನೆಲ್ಲ ಒಂದು ಕಡೆ ಎಳೆದುಕೊಂಡು ಕತ್ತು ಬಗ್ಗಿಸಿದಳು.

"ಮೂಸಿ," ಅಂದಳು. "ಅವಸರ ಮಾಡ್ಬೇಡಿ. ಈ ಸಲ ಸರಿಯಾಗಿ ನೆನಪಿಟ್ಕೊಳ್ಳಿ."